ತಂಗಿಯ ಪ್ರೊಫೈಲಿಗೆ ಬಂದ ಒಂದು ಕರೆ

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಕೊಡಿಸುವ ಪ್ಲೇಸ್‌ಮೆಂಟ್ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಒಂದು ಶನಿವಾರ ತಂಗಿ ಶಶಿಕಲಾ ತಾನು ಕೆಲಸ ಮಾಡುತ್ತಿದ್ದ ಕಾರ್ಕಳದ ರಕ್ತಪರೀಕ್ಷೆಯ ಲ್ಯಾಬಿನಿಂದ ಬಂದವಳು, ಅಜೆಕಾರು ಊರಿನ ಎಂಟು ತಿಂಗಳ ಮಗುವಿನ ರಕ್ತವನ್ನು ಒಂದೇ ಚುಚ್ಚಿಗೆ ತೆಗೆದೆ ಎಂದು ಹೇಳುತ್ತಾ ಊಟ ಮಾಡಿದಳು. ಸೋಮವಾರ ಹೋದಾಗ ಲ್ಯಾಬಿನ ಬಾಗಿಲಿಗೆ ಬೀಗ; ಮುಚ್ಚಿಯೇ ಬಿಟ್ಟಿದ್ದರು. ಇಪ್ಪತ್ತಮೂರು ವರ್ಷದ ಕೆಲಸ ಹೀಗೆ ಮುಗಿಯಿತು. ಅವಳಿಗೆ ಐವತ್ತೊಂದು. ಮದುವೆಯಾಗಿರಲಿಲ್ಲ, ನನ್ನ ಮನೆಯಲ್ಲೇ ಇದ್ದಳು.

ಕೆಲಸ ಹುಡುಕುವವರ ಆನ್‌ಲೈನ್ ಪ್ರೊಫೈಲ್ ತಿದ್ದುವುದು ನನ್ನ ಕಸುಬು. ಅವಳಿಗೂ ಒಂದು ಮಾಡಿಕೊಟ್ಟೆ. ಹೆಸರಿನ ಕೆಳಗಿನ ಸಾಲಿಗೆ ಹೆಡ್‌ಲೈನ್ ಎನ್ನುತ್ತಾರೆ. ನೇಮಕ ಮಾಡುವವರು ಹುಡುಕುವ ಪದಗಳು ಅದರಲ್ಲಿರಬೇಕು. ಮೇಲಿನ ಹಿರಿಯ ಸಿಬ್ಬಂದಿ ರಜೆಯಲ್ಲಿದ್ದಾಗ ಅವಳು ಲ್ಯಾಬ್ ನೋಡಿಕೊಂಡದ್ದುಂಟು. ಅದನ್ನೇ ಹಿಡಿದು ‘ಲ್ಯಾಬ್ ಸೂಪರ್‌ವೈಸರ್’ ಎಂದು ಬರೆದೆ.

“ಮಕ್ಕಳ ರಕ್ತ ತೆಗೆಯುವುದನ್ನು ಬರೆಯಲಿಲ್ಲ ಅಲ್ವಾ?” ಎಂದಳು.

“ಸೂಜಿ ಚುಚ್ಚುವುದನ್ನು ಬರೆದರೆ ನಗ್ತಾರೆ.”

“ಮಗು ಅಳದ ಹಾಗೆ ಚುಚ್ಚಿ ತೋರಿಸು, ಆಮೇಲೆ ನಗು ಮಾರಾಯ.” ಪೂರ್ತಿ ಓದಿ, “ಈ ಹೆಂಗಸು ಯಾರೋ ಜೋರುಂಟು, ನನಗೆ ಪರಿಚಯ ಇಲ್ಲ,” ಎಂದಳು.

ಗುರುತಿಲ್ಲದ ಕರೆಯನ್ನು ಅವಳು ಎತ್ತುತ್ತಿರಲಿಲ್ಲ. ಹಾಗಾಗಿ ಸಂಪರ್ಕಕ್ಕೆ ನನ್ನ ನಂಬರ್ ಕೊಟ್ಟೆ.

ಎಷ್ಟು ಜನ ಪ್ರೊಫೈಲ್ ನೋಡಿದರೆಂದು ವಾರಕ್ಕೊಮ್ಮೆ ಮೇಲ್ ಬರುತ್ತದೆ. ಮೊದಲ ವಾರ ನಾಲ್ವರು, ಆಮೇಲೆ ಏಳು ಮಂದಿ.

“ನೋಡಿ ಹೋದರಾ? ಹೆಣ್ಣು ನೋಡಲು ಬಂದವರೂ ಹೀಗೇ. ಇವರಿಗೆ ತಿಂಡಿಯ ಖರ್ಚಿಲ್ಲ, ಅಷ್ಟೇ,” ಎಂದಳು.

ಐದನೆಯ ವಾರ ನಾನು ಆಫೀಸಿನಲ್ಲಿದ್ದಾಗ ಒಂದು ಕರೆ ಬಂತು. ಕಾಪುವಿನ ಒಂದು ಮಕ್ಕಳ ಕ್ಲಿನಿಕ್.

“ಸಣ್ಣ ಮಕ್ಕಳ ರಕ್ತ ತೆಗೆಯಲು ಕೈ ಪಳಗಿದವರು ಬೇಕಿತ್ತು. ಪ್ರೊಫೈಲಿನಲ್ಲಿ ಅದೇನೂ ಇಲ್ಲ. ಮೇಡಂಗೆ ಅದು ಬರ್ತದಾ?”

“ಅವರು ಸೂಪರ್‌ವೈಸರ್. ಆ ಕೆಲಸಕ್ಕೆ ಬರುವುದಿಲ್ಲ.”

“ಒಮ್ಮೆ ಅವರನ್ನೇ ಕೇಳಬಹುದಾ?”

“ನಾನು ಹೇಳ್ತಾ ಇದ್ದೇನಲ್ಲ.”

ಮೊದಲ ಕರೆಗೇ ಒಪ್ಪಿಕೊಳ್ಳಬಾರದು, ಬೆಲೆ ಇಳಿಯುತ್ತದೆ ಎಂದು ನಾನು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದೆ. ಕರೆಯ ವಿಷಯವನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ಕಾಪುವಿನ ಬಸ್ ಹತ್ತುತ್ತಿದ್ದಳು. ಅದಕ್ಕಾಗಿಯೇ ಹೇಳಲಿಲ್ಲ.

“ಒಬ್ಬರಾದರೂ ಕೇಳಿದರಾ ಅಣ್ಣ?” ಎಂದು ಅಂದು ಸಂಜೆಯೂ ಕೇಳಿದಳು.

“ಇಲ್ಲ. ಒಳ್ಳೆಯದು ಬರ್ತದೆ, ಕಾಯಬೇಕು.”

“ಹಾಗಾದರೆ ನನಗೆ ಬರುವ ಕೆಲಸ ಯಾರಿಗೂ ಬೇಡ.” ಅಂದಿನಿಂದ ಕೇಳುವುದನ್ನು ಬಿಟ್ಟಳು. ಮಧ್ಯಾಹ್ನದ ಹೊತ್ತಿನಲ್ಲೂ ಮಲಗಿರುತ್ತಿದ್ದಳು. ಸೋಮಾರಿತನ ಎಂದು ನಾನು ಒಮ್ಮೆ ಗದರಿದೆ. ಮುಂದಿನ ತಿಂಗಳು ಅವಳಿಗೆ ಹೃದಯಾಘಾತವಾಯಿತು. ಉಡುಪಿಯ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೇರೆ ಕರೆ ಯಾವುದೂ ಬರಲಿಲ್ಲ.

ನನ್ನ ಕೆಲಸವನ್ನು ನಾನು ಕಲಿತದ್ದು ತಡವಾಗಿ. ಒಬ್ಬರ ಪ್ರೊಫೈಲ್ ಬರೆಯುವ ಮೊದಲು ಅವರಿಗೆ ಯಾವ ಕೆಲಸದಲ್ಲಿ ಖುಷಿ ಎಂದು ಕೇಳಬೇಕು, ಕರೆ ಬಂದರೆ ಅವರ ಕೈಗೇ ಕೊಡಬೇಕು. ಈಗ ಸಹಾಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ಹಾಗೆಯೇ ಮಾಡುತ್ತೇನೆ.

ಒಬ್ಬರು ಕೇಳಿದ್ದರು ಎಂಬ ಮಾತು ಶಶಿಕಲಾಗೆ ಮಾತ್ರ ತಲುಪಿಲ್ಲ.