ಎಮ್ಮೆಯ ಹಗ್ಗ ಮತ್ತು ಅಥಣಿಯ ಕುರ್ಚಿ

ನಿಪ್ಪಾಣಿಯಲ್ಲಿ, ಒಂದು ಬಟ್ಟೆಯಂಗಡಿಯ ಮಾಳಿಗೆಯ ಮೇಲೆ, ೨೦೦೭ರಲ್ಲಿ ಒಂದು ಸಹಕಾರಿ ಸಂಘ ಪ್ರಾರಂಭವಾಯಿತು. ನೋಂದಣಿಯಲ್ಲಿ ಅದರ ಹೆಸರು ಉದ್ದವಾಗಿತ್ತು. ಜನರ ಬಾಯಲ್ಲಿ ಮಾತ್ರ ಅದು ‘ಬಡ್ಡಿ ಇಲ್ಲದ ಸೊಸಾಯಿಟಿ’. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧವಾದ್ದರಿಂದ ಊರಿನ ಮುಸಲ್ಮಾನ ವ್ಯಾಪಾರಿಗಳು ಸೇರಿ ಕಟ್ಟಿದ ಸಂಘ ಅದು. ಸದಸ್ಯರಾಗಿ ಎಲ್ಲ ಜಾತಿಯವರೂ ಸೇರಿದರು. ಅದರ ಮೊದಲ ನೌಕರರು ಸದಲಗಾದ ರಾವಸಾಹೇಬರು. ದುಂಡಗಿನ ಅಕ್ಷರ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾರಿಂದಲೂ ಒಂದು ಕಪ್ ಚಹಾ ಸಹ ಕುಡಿಯದ ಹಟ. ಈ ಮೂರರ ಬಲದ ಮೇಲೆ ಅವರು ಕಾರ್ಯದರ್ಶಿಯಾದರು.

ಆ ಸಂಘಕ್ಕೆ ಎರಡು ಮಂಡಳಿಗಳು. ವ್ಯವಹಾರ ನಡೆಸಲು ಆಡಳಿತ ಮಂಡಳಿ. ಅದರ ಅಧ್ಯಕ್ಷರು ಬಟ್ಟೆಯಂಗಡಿಯ ಮೀರಾಸಾಹೇಬರು. ನಡೆದದ್ದು ಧರ್ಮಕ್ಕೆ ಸರಿಯೇ ಎಂದು ನೋಡಲು ದೇಖರೇಖಿ ಮಂಡಳಿ. ಅದರ ಹಿರಿಯರು ದಸ್ತಗೀರ ಮೌಲಾನಾ. ಎರಡನೆಯ ಮಂಡಳಿಯವರನ್ನು ತೆಗೆದುಹಾಕುವ ಅಧಿಕಾರ ಮೊದಲನೆಯದಕ್ಕೆ ಇರಲಿಲ್ಲ. ಮೀರಾಸಾಹೇಬರ ಸ್ವಂತ ತಮ್ಮ ತಂಬಾಕಿನ ಗೋದಾಮಿಗೆ ಅರ್ಜಿ ಹಾಕಿದಾಗ, ದೇಹಕ್ಕೆ ಕೆಡುಕಾದದ್ದರ ವ್ಯಾಪಾರ ಧರ್ಮಕ್ಕೆ ಸಲ್ಲದು ಎಂದು ಮೌಲಾನಾ ಆಗದೆಂದರು. ತಂಬಾಕಿನ ಮೇಲೆಯೇ ನಿಂತ ಊರಿನಲ್ಲಿ ತಂಬಾಕಿಗೆ ಆಗದೆಂದ ಆ ಕಾಗದವನ್ನು ಅಧ್ಯಕ್ಷರ ತಮ್ಮನ ಕೈಗೆ ಕೊಟ್ಟು ಬಂದವರು ರಾವಸಾಹೇಬರೇ. ಆ ಕಥೆಯನ್ನು ಅವರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಅದಕ್ಕಿಂತ ಅವರಿಗೆ ಪ್ರೀತಿಯಾದದ್ದು ಹಗ್ಗ ಹಿಡಿಯುವ ಕೆಲಸ. ಸಂಘವು ಯಾರಿಗೂ ಹಣ ಕೊಡುತ್ತಿರಲಿಲ್ಲ, ವಸ್ತು ಕೊಡುತ್ತಿತ್ತು. ಸದಸ್ಯನಿಗೆ ಎಮ್ಮೆ ಬೇಕಾದರೆ ಮೊದಲು ಸಂಘವೇ ಎಮ್ಮೆಯನ್ನು ಕೊಂಡು ತನ್ನ ವಶಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಲಾಭವನ್ನು ಬಾಯಿಬಿಟ್ಟು ಹೇಳಿ ಸದಸ್ಯನಿಗೆ ಕಂತಿನ ಮೇಲೆ ಮಾರಬೇಕು. ವಶದಲ್ಲಿದ್ದಾಗ ಎಮ್ಮೆ ಸತ್ತರೆ ನಷ್ಟ ಸಂಘದ್ದು. ಆ ಅಪಾಯವನ್ನು ಹೊತ್ತರೆ ಮಾತ್ರ ಆ ಲಾಭ ನ್ಯಾಯದ್ದು, ಇಲ್ಲವಾದರೆ ಅದೂ ಬಡ್ಡಿಯೇ. ಆದ್ದರಿಂದ ರಾವಸಾಹೇಬರು ಸಂತೆಯಲ್ಲಿ ಹಗ್ಗವನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು, “ಈಗ ಈ ಎಮ್ಮಿ ಸೊಸಾಯಿಟೀದು!” ಎಂದು ನಾಲ್ಕು ಜನ ಕೇಳುವಂತೆ ಕೂಗಿ, ಅದನ್ನು ಒಂದು ಸುತ್ತು ನಡೆಸಿ, ಆಮೇಲೆ ಸದಸ್ಯನ ಕೈಗೆ ಕೊಡುತ್ತಿದ್ದರು. ಆ ಒಂದು ಸುತ್ತಿನಲ್ಲಿ ಅವರ ನಡಿಗೆ ಮದುಮಗನ ನಡಿಗೆಯಂತಿರುತ್ತಿತ್ತು.

೨೦೧೨ರಲ್ಲಿ ಜಿನಮತಿ ಬಂದಳು. ಐನಾಪುರದ ಜೈನರ ಮನೆಯ ಹೆಣ್ಣುಮಗಳು, ಬಿ.ಕಾಂ. ಓದಿದವಳು, ಮಾತು ಕಡಿಮೆ. ರಾಯಬಾಗ, ಕಾಗವಾಡ ಕಡೆಯ ವ್ಯವಹಾರಗಳನ್ನು ಅವಳಿಗೆ ವಹಿಸಿದರು. ಹಗ್ಗವೂ ಅವಳ ಕೈಗೆ ಹೋಯಿತು. ಒಂದು ದಿನ ಮೌಲಾನಾ ಅವಳ ವರದಿಯನ್ನು ಓದಿ, “ಮಾಶಾ ಅಲ್ಲಾಹ್, ಎಷ್ಟ ಸಾಫ ಬರದೀಯವ್ವಾ!” ಎಂದರು. ಪಕ್ಕದಲ್ಲೇ ಕುಳಿತಿದ್ದ ರಾವಸಾಹೇಬರು ತಮ್ಮ ಐದು ವರ್ಷದ ವರದಿಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದರು. ಅವುಗಳಿಗೆ ಒಂದು ಸಲವೂ ‘ಮಾಶಾ ಅಲ್ಲಾಹ್’ ಬಂದಿರಲಿಲ್ಲ.

ಆ ವರ್ಷವೇ ಅಥಣಿಯಲ್ಲಿ ಶಾಖೆ ತೆರೆಯುವ ಸುದ್ದಿ ಹೊರಟಿತು. ಶಾಖೆಯ ಮುಖ್ಯಸ್ಥರ ಕುರ್ಚಿ ತಮಗೇ ಸೇರಬೇಕೆಂದು ರಾವಸಾಹೇಬರು ನಂಬಿದ್ದರು. ಆದರೆ ಆಫೀಸಿನಲ್ಲಿ ಎರಡು ಹೆಸರು ಕೇಳಿಬರುತ್ತಿದ್ದವು, ಅವರದು ಮತ್ತು ಜಿನಮತಿಯದು.

“ಆಕಿ ಇವತ್ತ ಮತ್ತ ಲಗೂನ ಬಂದಿದ್ಲು,” ಎಂದರು ಅವರು ಮನೆಯಲ್ಲಿ, ರೊಟ್ಟಿ ಮುರಿಯುತ್ತ. “ಮೌಲಾನಾ ಕಣ್ಣಿಗೆ ಬೀಳ್ಲಿ ಅಂತ.”

“ನೀವು ಆಕೀಗಿಂತ ತಡಾ ಯಾಕ ಹೋದ್ರಿ?” ಎಂದರು ಹೆಂಡತಿ ಚನ್ನವ್ವ.

“ಬಸ್ಸ ಬರಲಿಲ್ಲ.”

“ಆಕೀಗೆ ಬಂದ ಬಸ್ಸು ನಿಮಗ ಬರಲಿಲ್ಲೇನು? ದಿನಾ ಉಣ್ಣೂ ಮುಂದ ಆಕೀ ಹೆಸರ ಎಷ್ಟ ಸಲ ತಗೋತೀರಿ! ನನ್ನ ಹೆಸರ ಲಗ್ನದಾಗ ಒಂದs ಸಲ ತಗೊಂಡೀರಿ, ಅದೂ ಮಂದಿ ಕಾಡಿದ್ದಕ್ಕ.”

ಮರುವರ್ಷ ದಿಗ್ಗೇವಾಡಿಯ ಮಲಕವ್ವ ಎಮ್ಮೆಗಾಗಿ ಅರ್ಜಿ ಹಾಕಿದಳು. ಐನಾಪುರದ ದನದ ಸಂತೆಯಲ್ಲಿ ಜಿನಮತಿ ವ್ಯವಹಾರ ಮುಗಿಸುವುದೆಂದು ಗೊತ್ತಾಯಿತು. ರಾವಸಾಹೇಬರು ಯಾವುದೋ ಅರ್ಜಿಯ ನೆಪ ಮಾಡಿಕೊಂಡು ಚಿಕ್ಕೋಡಿಯ ಮೇಲಿಂದ ಎರಡು ಬಸ್ಸು ಬದಲಾಯಿಸಿ ತಾವೂ ಅಲ್ಲಿಗೆ ಹೋದರು. ಹೋಗಿ, ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತರು.

ಜಿನಮತಿ ಎಮ್ಮೆಯ ಒಡೆಯನಿಗೆ ಹಣ ಕೊಟ್ಟಳು. ಹಣ ಮುಟ್ಟಿದ್ದಕ್ಕೆ ಅವನಿಂದ ರಸೀದಿ ಬೇಕಿತ್ತು. ಅವಳು ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆಯಲು ಕುಳಿತಳು. ಅಷ್ಟರಲ್ಲಿ ಒಡೆಯನು ಹಗ್ಗವನ್ನು ನೇರವಾಗಿ ಮಲಕವ್ವನ ಕೈಗೆ ಕೊಟ್ಟುಬಿಟ್ಟ. ಹಿಗ್ಗಿನಲ್ಲಿದ್ದ ಮಲಕವ್ವ ಎಮ್ಮೆಯ ಹಣೆಗೆ ಅರಿಷಿಣ ಹಚ್ಚಿ ನಡೆಸಿಕೊಂಡು ಹೊರಟಳು. ಎಮ್ಮೆ ಒಂದು ಕ್ಷಣವೂ ಸಂಘದ್ದಾಗಲಿಲ್ಲ.

‘ಹಗ್ಗ ಹಿಡೀರಿ ಬಾಯಾರ!’ ಎಂದು ಒಂದು ಸಲ ಕೂಗಿದ್ದರೆ ಸಾಕಾಗಿತ್ತು. ರಾವಸಾಹೇಬರ ಗಂಟಲಿಗೆ ಆ ಮಾತು ಬಂದಿತ್ತು. ಅವರು ಅದನ್ನು ಕಬ್ಬಿನ ಹಾಲಿನೊಂದಿಗೆ ನುಂಗಿದರು. ಕಬ್ಬಿನ ಹಾಲು ಅಷ್ಟು ಸಿಹಿಯೆಂದು ಅವರಿಗೆ ಹಿಂದೆಂದೂ ಅನಿಸಿರಲಿಲ್ಲ. ಅದೇ ಸಂಜೆ ತಮ್ಮ ಅತ್ಯುತ್ತಮ ಅಕ್ಷರದಲ್ಲಿ ದೇಖರೇಖಿ ಮಂಡಳಿಗೆ ಎರಡು ಪುಟದ ದೂರು ಬರೆದರು.

ವಿಚಾರಣೆ ಮುಂದಿನ ಶನಿವಾರ ಮಧ್ಯಾಹ್ನ ಅಧ್ಯಕ್ಷ ಮೀರಾಸಾಹೇಬರ ಎದುರಿಗೇ ನಡೆಯಿತು. ಮೌಲಾನಾ ದೂರನ್ನು ಓದಿ ಮುಗಿಸುವ ಮೊದಲೇ ಜಿನಮತಿ ಎದ್ದು ನಿಂತಳು.

“ಹೌದ್ರಿ, ಹಗ್ಗ ಹಿಡೀಲಿಲ್ಲ. ಕಾಗದಾ ಬರದ ತಲಿ ಎತ್ತೂದ್ರಾಗ ಎಮ್ಮಿ ದಾರಿ ಹಿಡದಿತ್ತು. ಬರದದ್ದಷ್ಟ ಸಾಕು ಅಂದ್ಕೊಂಡೆ. ತಪ್ಪ ನಂದು.”

ಮಂಡಳಿ ತೀರ್ಪು ಕೊಟ್ಟಿತು: ಆ ಮಾರಾಟದ ಲಾಭವನ್ನು ಸಂಘ ಮುಟ್ಟಬಾರದು, ಸಂಘ ಕೊಟ್ಟ ಬೆಲೆಯಷ್ಟನ್ನೇ ಮಲಕವ್ವ ತುಂಬಿದರೆ ಸಾಕು. ರಾವಸಾಹೇಬರು ಅಂಗಿಯ ತೋಳನ್ನು ಸರಿಮಾಡಿಕೊಂಡರು. ಅಥಣಿಯ ಕುರ್ಚಿಯ ಮೇಲೆ ಎಂಥ ಟವೆಲು ಹಾಸಬೇಕೆಂಬಲ್ಲಿಯವರೆಗೆ ಅವರ ಮನಸ್ಸು ಹೋಗಿತ್ತು.

“ರಾವಸಾಹೇಬ್ರ,” ಎಂದರು ಮೌಲಾನಾ, “ಇದೆಲ್ಲಾ ನಿಮಗ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ನಾನs ನೋಡೀನಿ.”

“ಎಷ್ಟ ದೂರದಿಂದ?”

“ಹದಿನೈದ ಹೆಜ್ಜಿ ಇದ್ದೀತ್ರಿ. ಕಬ್ಬಿನಹಾಲಿನ ಗಾಡಿ ಕಡೆ ಇದ್ದೆ.”

ಮೌಲಾನಾ ಕನ್ನಡಕ ತೆಗೆದರು. “ನೀವೂ ಸೊಸಾಯಿಟಿ ಮನುಷ್ಯಾರs ಅಲ್ಲೇನು? ನೀವು ಹೋಗಿ ಹಿಡದಿದ್ರೂ ಎಮ್ಮಿ ನಮ್ಮದs ಆಗತಿತ್ತಲ್ಲ?”

ಮೀರಾಸಾಹೇಬರು ಮೀಸೆಯಲ್ಲೇ ನಕ್ಕರು. “ಎರಡೂ ಕೈಯಾಗ ಕಬ್ಬಿನಹಾಲಿನ ಗ್ಲಾಸ ಇದ್ವು ಕಾಣ್ತೈತಿ.”

ಸಂಘದಲ್ಲಿ ಒಂದು ಪದ್ಧತಿಯಿತ್ತು. ವರ್ಷದಲ್ಲಿ ಆದ ತಪ್ಪುಗಳನ್ನೆಲ್ಲ ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದೆ ಓದಬೇಕು, ಓದುವವರು ಕಾರ್ಯದರ್ಶಿ. ಮೌಲಾನಾ ಆ ವರ್ಷದ ವರದಿಗೆ ಎರಡು ಸಾಲು ಸೇರಿಸಿದರು. ಮೊದಲನೆಯದು ಜಿನಮತಿಯದು. ಎರಡನೆಯದು: ‘ಕಾರ್ಯದರ್ಶಿಗಳು ಹದಿನೈದು ಹೆಜ್ಜೆ ದೂರದಲ್ಲಿದ್ದು, ತಡೆಯಬಹುದಾದದ್ದನ್ನು ತಡೆಯಲಿಲ್ಲ.’ ಅಥಣಿಯ ನಿರ್ಣಯವೂ ಅದೇ ಸಭೆಯಲ್ಲಾಗುವುದಿತ್ತು. ಸಾಲುಗಳನ್ನು ಓದುವುದು ರಾವಸಾಹೇಬರ ಬಾಯಿ. ಒಂದನ್ನು ನುಂಗಿದರೆ ಸದಸ್ಯರಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಒಂದು ವಾರವೆಲ್ಲ ಅವರು ಆ ಲೆಕ್ಕಾಚಾರದಲ್ಲೇ ಇದ್ದರು.

ಸಭೆಯ ದಿನ ಮಂಟಪ ತುಂಬಿತ್ತು. ರಾವಸಾಹೇಬರು ಮೊದಲನೆಯ ಸಾಲನ್ನು ಗಟ್ಟಿಯಾಗಿ ಓದಿದರು. ಎದುರಿಗೇ ಕುಳಿತಿದ್ದ ಜಿನಮತಿ ತಲೆ ತಗ್ಗಿಸಲಿಲ್ಲ. ತನ್ನದೇ ಹೆಸರನ್ನು ಬೇರೆಯವರ ಹೆಸರಿನಂತೆ ನೆಟ್ಟಗೆ ಕೇಳಿದಳು. ಅದನ್ನು ಕಂಡು ಅವರಿಗೆ ಇನ್ನೂ ಹೊಟ್ಟೆ ಉರಿಯಿತು. ಇಷ್ಟು ಧೈರ್ಯವೂ ಇವಳ ಪಾಲಿಗೇ ಬರಬೇಕೇ? ಆ ಉರಿಯಲ್ಲಿಯೇ, ತಮಗಿಂತ ಅವಳು ಹೆಚ್ಚಿನವಳಾಗಬಾರದೆಂಬ ಒಂದೇ ಹಟಕ್ಕೆ, ಎರಡನೆಯ ಸಾಲನ್ನೂ ಅಷ್ಟೇ ಗಟ್ಟಿಯಾಗಿ ಓದಿಬಿಟ್ಟರು.

ಹಿಂದಿನಿಂದ ಮಲಕವ್ವ ಎದ್ದಳು. “ಯಾಕ್ರಿ ಸಾಹೇಬ್ರ, ಹದಿನೈದ ಹೆಜ್ಜಿ ಮ್ಯಾಲಿದ್ದು ಒದರಾಕ ಏನಾಗಿತ್ತು ನಿಮಗ?”

ಬಸ್ಸಿನ ನೆಪ, ಗದ್ದಲದ ನೆಪ, ಎಲ್ಲವೂ ನಾಲಿಗೆಯ ತುದಿಗೆ ಬಂದವು.

“ಹೊಟ್ಟಿಕಿಚ್ಚಾಗಿತ್ತು, ತಾಯೀ,” ಎಂದರು ರಾವಸಾಹೇಬರು.

ಮಂಟಪವೆಲ್ಲ ನಕ್ಕಿತು. ಮೌಲಾನಾ ಮಾತ್ರ ನಗಲಿಲ್ಲ. ತಮ್ಮ ನೀರಿನ ತಂಬಿಗೆಯನ್ನು ಅವರತ್ತ ಸರಿಸಿದರು. ಅಥಣಿಯ ಕುರ್ಚಿ ಕೈಯೆತ್ತುವ ಮತದಿಂದ ಜಿನಮತಿಗೆ ಹೋಯಿತು. ಎತ್ತಿದ ಕೈಗಳನ್ನು ಎಣಿಸುವುದೂ ಕಾರ್ಯದರ್ಶಿಯ ಕೆಲಸವೇ. ರಾವಸಾಹೇಬರು ಎರಡು ಸಲ ಎಣಿಸಿದರು, ಎಲ್ಲಿಯಾದರೂ ಕಡಿಮೆ ಬಿದ್ದೀತೇನೋ ಎಂದು. ಬೀಳಲಿಲ್ಲ. ಸಂಖ್ಯೆಯನ್ನು ಇದ್ದಂತೆಯೇ ಹೇಳಿ ಕುಳಿತರು.