ಆತನ ಗೋಡೆಯ ನಾಲ್ಕು ಸ್ಪೀಕರ್

ಕೆ.ಆರ್. ನಗರದಲ್ಲಿ ಆಗ ನಾನೊಂದು ಪತ್ರಿಕೆಯ ವರದಿಗಾರ, ಆತ ಇನ್ನೊಂದರ ವರದಿಗಾರ. ತಾಲ್ಲೂಕು ಕಚೇರಿ ಎದುರಿನ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದು ಒಂದೇ ಸಭೆಗೆ ಹೋಗುತ್ತಿದ್ದೆವು. ಮಾರನೆಯ ಬೆಳಿಗ್ಗೆ ನಾನು ಮೊದಲು ಬಿಡಿಸುತ್ತಿದ್ದುದು ಆತನ ಪತ್ರಿಕೆಯನ್ನು. ನಾಲೆ ನೀರಿನ ಸುದ್ದಿಯಲ್ಲಿ ಆತನದು ಒಂದು ಸಾಲು ಹೆಚ್ಚಿದ್ದರೂ ನನಗೆ ತಿಂಡಿ ಸೇರುತ್ತಿರಲಿಲ್ಲ.

ಎರಡು ಸಾವಿರ ಇಸವಿಯ ಆಸುಪಾಸಿನಲ್ಲಿ ಮನೆಗೆ ಕಂಪ್ಯೂಟರ್ ಬಂತು. ಮರುವರ್ಷ ಮೈಸೂರಿನಿಂದ ಅದಕ್ಕೊಂದು ಸರೌಂಡ್ ಸೌಂಡ್ ಸೆಟ್ ತಂದೆ. ನೆಲದ ಮೇಲೆ ಕೂರುವ ಒಂದು ದೊಡ್ಡ ಡಬ್ಬ, ಅದರಿಂದ ತಂತಿ ಎಳೆದು ಸುತ್ತಲೂ ಇಡುವ ಐದು ಮರಿ ಸ್ಪೀಕರ್. ಆಂಪ್ಲಿಫೈಯರ್ ಇರುವುದು ದೊಡ್ಡ ಡಬ್ಬದೊಳಗೆ. ಅದಿಲ್ಲದೆ ಮರಿಗಳು ಮೂಕ. ಮರಿಗಳಿಲ್ಲದೆ ಅದು ಬರೀ ಗುಡುಗು. ಊರಿನ ಪತ್ರಕರ್ತರಲ್ಲಿ ಇಂಥದ್ದಿದ್ದುದು ನನ್ನೊಬ್ಬನ ಮನೆಯಲ್ಲಿ.

ಈ ಹೆಗ್ಗಳಿಕೆ ಎರಡು ವಾರ ಉಳಿಯಿತು. ಆಮೇಲೆ ಆತನೂ ಅದೇ ಸೆಟ್ ತಂದ. ನಮ್ಮದು ಬಾಡಿಗೆ ಮನೆ. ಒಂದು ಮರಿ ಬೀರುವಿನ ಮೇಲೆ, ಇನ್ನೊಂದು ಅಕ್ಕಿ ಡಬ್ಬದ ಮೇಲೆ, ತಂತಿಯೆಲ್ಲ ಕಾಲಿಗೆ ತೊಡರುತ್ತಿತ್ತು. ಆತನದು ಹೊಸದಾಗಿ ಕಟ್ಟಿಸಿದ ಮನೆ. ಮರಿಗಳನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ, ತಂತಿಯನ್ನು ಗಾರೆಯೊಳಗೆ ಹುದುಗಿಸಿದ್ದ. ನೋಡಿ ಬಂದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಪದ ಹುಡುಕುವ ಅಗತ್ಯವಿಲ್ಲ.

ಆ ವರ್ಷ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯವರು ನನ್ನ ನಾಲ್ಕು ಮರಿಗಳನ್ನು ಕೇಳಿ ಒಯ್ದರು. ಚಪ್ಪರದ ನಾಲ್ಕು ಕಂಬಕ್ಕೆ ಕಟ್ಟಿ ಮೈಕ್ ಸೆಟ್ಟಿನ ಆಂಪ್ಲಿಫೈಯರ್‌ಗೆ ನೇರವಾಗಿ ಕೊಟ್ಟರು. ಮೊದಲ ಹಾಡು ಮುಗಿಯುವುದರೊಳಗೆ ನಾಲ್ಕೂ ಸುಟ್ಟುಹೋದವು.

ಮೈಸೂರಿನ ಅಂಗಡಿಗಳಲ್ಲಿ ಒಂದೇ ಉತ್ತರ: ಮರಿಗಳು ಬಿಡಿಯಾಗಿ ಬರುವುದಿಲ್ಲ, ಸೆಟ್ಟೇ ಕೊಳ್ಳಿ. ತಾಲ್ಲೂಕು ವರದಿಗಾರನಿಗೆ ಅದು ಆಗದ ಮಾತು. ಹುಣಸೂರಿನ ಬಸ್ ನಿಲ್ದಾಣದ ಹಿಂದೆ ಟೀವಿ ರಿಪೇರಿಯವನೊಬ್ಬನಿದ್ದ. ಸುಟ್ಟದ್ದನ್ನು ಅವನಿಗೆ ತೋರಿಸಿದೆ.

‘ಇವು ಹೋದೋ ಸಾ. ಆದ್ರೆ ಇಂಥದ್ದೇ ಇನ್ನೊಂದೈತೆ. ಅದ್ರಲ್ಲಿ ಮರಿಗಳೆಲ್ಲ ಗಟ್ಟಿಮುಟ್ಟಾಗವೆ, ದೊಡ್ಡ ಡಬ್ಬಾನೇ ಹೋಗೈತೆ. ಇಲಿ ತೂತಲ್ಲಿ ನುಗ್ಗಿ ಬೋರ್ಡೇ ತಿಂದಾಕ್ಬುಟ್ಟೈತೆ.’

‘ಯಾರದ್ದು?’

‘ನಿಮ್ಮೂರೋರೆ ಕಣ್ ಸಾ. ನಿಮ್ ತರಾನೆ ಪೇಪರ್ನೋರು.’

ಬಸ್ಸಿನಲ್ಲಿ ವಾಪಸು ಬರುವಾಗ ಮೊದಲು ಖುಷಿಯಾಯಿತು. ಊರು ಹತ್ತಿರ ಬರುತ್ತಿದ್ದಂತೆ ಹೊಟ್ಟೆ ಉರಿಯತೊಡಗಿತು. ನನಗೆ ಬೇಕಾದ ನಾಲ್ಕು ಮರಿಗಳು ಆತನ ಗೋಡೆಯ ಮೇಲೆ ಸುಮ್ಮನೆ ಕುಳಿತು, ಮನೆಗೆ ಬಂದವರಿಂದ ಹೊಗಳಿಸಿಕೊಳ್ಳುತ್ತಿದ್ದವು.

ಮರುದಿನ ಹೋಟೆಲಿನಲ್ಲಿ ಕೇಳಿದೆ. ‘ಮನೇಲಿ ಇಲಿ ಕಾಟ ಏನಾರ ಐತಾ?’

ಆತ ಲೋಟ ಕೆಳಗಿಟ್ಟ. ‘ಹುಣಸೂರಿಗೆ ಹೋಗಿದ್ರಾ? ನಮ್ದ ಇಲಿ ತಿಂತು ಸಾ. ನಿಮ್ದ ಇಲಿ ಮೇಲೆ ಕುಂತ್ಕಂಡ್ ಬರೋನೇ ತಿಂದ್ನಂತಲ್ಲ?’

ಪಕ್ಕದ ಮೇಜಿನವರೂ ನಕ್ಕರು. ನಗು ನಿಂತ ಮೇಲೆ ಆತನೇ ಹೇಳಿದ: ‘ನಂಗ್ಯಾಕೆ ಬುಡಿ ಆ ಮೂಕಬಸವಗಳು. ಬಂದು ಬಿಚ್ಕಂಡ್ ಹೋಗಿ. ನಿಮಗೆ ತೋಚಿದ್ದು ಕೊಡಿ.’

ಸ್ಕ್ರೂಡ್ರೈವರ್ ಹಿಡಿದು ಹೋಗಿ ಬಿಚ್ಚಿಕೊಂಡು ಬಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಖಚಿತಪಡಿಸಿಕೊಳ್ಳದೆ ಏನನ್ನೂ ಒಪ್ಪಬಾರದೆಂಬುದು ಕಸುಬು ಕಲಿಸಿದ ಪಾಠ. ಅದರಲ್ಲೂ ಆತ ಹೇಳಿದ್ದನ್ನು. ಭಾನುವಾರ ಮಧ್ಯಾಹ್ನ ನನ್ನ ದೊಡ್ಡ ಡಬ್ಬವನ್ನು ಆಟೋದಲ್ಲಿ ಇಟ್ಟುಕೊಂಡು ಆತನ ಮನೆಗೆ ಹೋದೆ.

ಹಾಲ್‌ನಲ್ಲಿ ಆತನ ತಾಯಿ ಕಿಟಕಿಗೆ ಬೆನ್ನು ಮಾಡಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹಿಂಬದಿಯ ಎರಡು ಮರಿಗಳಿದ್ದುದು ಆ ಕಿಟಕಿಯ ಎಡಬಲಕ್ಕೆ. ಆತನ ಕಂಪ್ಯೂಟರಿಗೆ ನನ್ನ ಡಬ್ಬ ಜೋಡಿಸಿ, ಸೆಟ್ಟಿನ ಜೊತೆ ಬಂದಿದ್ದ ಪರೀಕ್ಷೆಯ ಡಿಸ್ಕ್ ಹಾಕಿದೆವು. ಮೊದಲು ಹೆಲಿಕಾಪ್ಟರ್ ಬಂದು ಹೋಯಿತು. ಆ ತಾಯಿ ತಲೆ ಎತ್ತಲಿಲ್ಲ. ಆಮೇಲೆ ಹಿಂದಿನಿಂದ ಹನಿ ಬೀಳತೊಡಗಿ, ಸ್ವಲ್ಪ ಹೊತ್ತಿನಲ್ಲೇ ಜೋರಾಗಿ ಮಳೆ ಹಿಡಿಯಿತು.

ಅವರು ಮೊರ ಪಕ್ಕಕ್ಕೆ ತಳ್ಳಿ ಎದ್ದರು. ‘ಲೇ ಮಗ, ಮಳೆ ಬಂತು ಕಣ್ಲಾ! ಮೇಲೆ ಮೆಣಸಿನ್ಕಾಯಿ ಅವೆ, ಕುಂತ್ಕಂಡ್ ಏನ್ ನೋಡ್ತಿದ್ದೀಯ?’ ಎನ್ನುತ್ತಲೇ ಮೆಟ್ಟಿಲು ಹತ್ತಿಬಿಟ್ಟರು. ಹಿಂದಿರುಗಿದಾಗ ಸೆರಗಿನ ತುಂಬ ಮೆಣಸಿನಕಾಯಿ, ಮುಖದ ತುಂಬ ಬೆರಗು. ‘ಒಂದ್ ಅನೀನೂ ಇಲ್ವಲ್ಲೋ!’

ಆತ ಕಣ್ಣೀರು ಬರುವಂತೆ ನಕ್ಕ. ನನಗೆ ನಗು ಬರಲಿಲ್ಲ. ಅದೇ ಡಿಸ್ಕ್ ಅನ್ನು, ಇದೇ ಡಬ್ಬದಿಂದ, ನನ್ನ ಮರಿಗಳು ಚೆನ್ನಾಗಿದ್ದ ಕಾಲದಲ್ಲಿ ಎಷ್ಟೋ ಸಲ ಹಾಕಿದ್ದೆ. ನಮ್ಮ ಮನೆಯಲ್ಲಿ ಒಬ್ಬರೂ ಎದ್ದು ಓಡಿರಲಿಲ್ಲ.

ಸ್ಟೂಲ್ ಹತ್ತಿ ಮೊದಲ ಸ್ಕ್ರೂಗೆ ಕೈ ಹಾಕಿದೆ.

‘ಒಂದ್ನಿಮ್ಸ ಸಾ,’ ಎಂದ ಆತ. ಅಷ್ಟರಲ್ಲಿ ನಗು ನಿಂತಿತ್ತು. ‘ಆ ಡಬ್ಬ ನೀವೇ ನಂಗೆ ಕೊಟ್ಬುಡಿ.’

‘ಅದು ಮಾರಕ್ಕಲ್ಲ.’

‘ಅಂಗಾದ್ರೆ ಇವೂ ಮಾರಕ್ಕಲ್ಲ.’

ಮೆಣಸಿನಕಾಯಿ ಸುರಿಯುತ್ತಿದ್ದ ತಾಯಿ ಇಬ್ಬರನ್ನೂ ನೋಡಿದರು. ‘ಯಾರಾರ ಒಬ್ರು ಕೊಟ್ಬುಡ್ರಪ್ಪ. ಇಬ್ರೂ ಅರ್ಧರ್ಧ ಇಟ್ಕಂಡ್ ಏನ್ ಮಾಡೀರಿ?’

‘ಡಬ್ಬ ಇಲ್ಲೇ ಇರ್ಲಿ ಸಾ, ಭಾನುವಾರ ಭಾನುವಾರ ಬಂದು ಕೇಳೀರಂತೆ,’ ಎಂದ ಆತ. ಆತನ ಮನೆಗೆ ಹೋಗಿ, ಆತನ ಕುರ್ಚಿಯಲ್ಲಿ ಕುಳಿತು, ನನ್ನ ಡಬ್ಬದ ಸದ್ದು ಕೇಳುವುದು! ಆಟೋ ಕರೆದೆ.

ಆಮೇಲೆ ಹುಣಸೂರಿನವನೇ ಹಳೆ ಟೀವಿಗಳಿಂದ ನಾಲ್ಕು ಸ್ಪೀಕರ್ ಕಿತ್ತು, ಪ್ಲೈವುಡ್ ಡಬ್ಬಗಳಲ್ಲಿ ಕೂರಿಸಿಕೊಟ್ಟ. ಅಗ್ಗವಾಗಿಯೇ ಆಯಿತು. ತಂದು ಬೀರು, ಅಕ್ಕಿ ಡಬ್ಬಗಳ ಮೇಲಿಟ್ಟು, ಬೇಸಿಗೆಯ ಒಂದು ಮಧ್ಯಾಹ್ನ ಕಾದು ಕುಳಿತೆ. ಹೆಂಡತಿ ತಾರಸಿಯ ಮೇಲೆ ಸಂಡಿಗೆ ಹರಡಿ ಬಂದು, ಹಿಂದಿನ ಸ್ಪೀಕರ್‌ಗಳಿಗೆ ಬೆನ್ನು ಮಾಡಿ ಹುರುಳಿಕಾಯಿ ಮುರಿಯುತ್ತಿದ್ದಳು. ಏನೂ ಹೇಳದೆ ಡಿಸ್ಕ್ ಹಾಕಿದೆ. ಮಳೆ ಶುರುವಾಯಿತು.

‘ಒಲೆ ಮೇಲೆ ಎಣ್ಣೆ ಇಟ್ಟಿದ್ದೀರೇನ್ರೀ? ಸಾಸಿವೆ ಸಿಡೀತಾ ಐತೆ,’ ಎಂದಳು.

ಸದ್ದು ಹೆಚ್ಚಿಸಿದೆ. ಅವಳು ತಿರುಗಿ ಅಕ್ಕಿ ಡಬ್ಬದ ಕಡೆ ನೋಡಿ, ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು.

‘ಮಳೆ,’ ಎಂದೆ. ‘ಮೇಲೆ ಸಂಡಿಗೆ ಐತಲ್ಲ.’

‘ಗೊತ್ತು,’ ಎಂದಳು. ಏಳಲಿಲ್ಲ.