ಬಳೆ ಬಿದ್ದ ಜಾಗ

ಶರಣಪ್ಪ, ನಿಮ್ಮ ಅಳತೆಗಳು ಸರಿಯಾಗಿದ್ದವು. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ಮೇಲೆ ತಪ್ಪು ಹೊರಿಸಿದೆ.

ಭಿವಂಡಿಯ ಗೋದಾಮಿನಲ್ಲಿ ಮೂಟೆ ಹೊತ್ತು ಬೆನ್ನು ಹಿಡಿದುಕೊಂಡ ಮೇಲೆ ನೀವು ನಮ್ಮ ಸಂಶೋಧನಾ ತಂಡಕ್ಕೆ ಬಂದಿರಿ. ನವಿ ಮುಂಬೈ ಖಾಡಿಯ ಉಪ್ಪು ಹಿನ್ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ, ನೀರಿಳಿದ ಹೊತ್ತಿನಲ್ಲಿ, ಕೆಸರಿನ ಮೇಲೆ ಡಬ್ಬಿ ಬೋರಲು ಹಾಕಿ, ಅಲ್ಲಿಂದ ಏಳುವ ಇಂಗಾಲದ ಅನಿಲವನ್ನು ಅಳೆಯುವ ಕೆಲಸ. ಜಾಗವನ್ನು ನಾವು ಆರಿಸುವಂತಿಲ್ಲ. ಬೆನ್ನು ತಿರುಗಿಸಿ ಕಬ್ಬಿಣದ ಬಳೆ ಎಸೆಯಬೇಕು, ಬಿದ್ದಲ್ಲೇ ಡಬ್ಬಿ ಇಡಬೇಕು. ಕಲಿಸಿದವಳು ನಾನೇ. ಆದರೆ ನಾನು — ಕಣ್ಣಂಚಿನಲ್ಲಿ ನೋಡಿಕೊಂಡೇ ಎಸೆಯುತ್ತಿದ್ದೆ. ಏಡಿ ಬಿಲಗಳ ಮೇಲೆ ಡಬ್ಬಿ ಕೂರಿಸುವುದು ತಲೆನೋವು. ನುಣ್ಣನೆಯ ಕೆಸರು ಸಲೀಸು.

ಆ ಅಳತೆಗಳಿಂದಲೇ ನನ್ನ ಪಿಎಚ್‌ಡಿಯ ಗಣಿತದ ಮಾದರಿ ಕಟ್ಟಿದ್ದೆ. ಕೆಸರು ಎಷ್ಟು ಇಂಗಾಲ ಹಿಡಿದಿಡುತ್ತದೆ, ಎಷ್ಟು ಬಿಡುತ್ತದೆ — ಗೊತ್ತಿಲ್ಲದ ಬೆಲೆಗಳನ್ನು ಹಿಂದೆ ಮುಂದೆ ಮಾಡುತ್ತಾ, ಲೆಕ್ಕವೂ ಅಳತೆಯೂ ಕೂಡುವವರೆಗೆ ಹುಡುಕುವುದು. ಚೆನ್ನಾಗಿಯೇ ಕೂಡಿತ್ತು. ಆಮೇಲೆ ನಿಮ್ಮ ಅಂಕಿಗಳು ಬಂದವು, ನನ್ನವುಗಳ ದುಪ್ಪಟ್ಟು. ಪಕ್ಕದಲ್ಲಿ ಕನ್ನಡದಲ್ಲಿ ‘ಏಡಿ ಬಿಲ’ ಎಂದು ಬರೆದಿದ್ದಿರಿ. ಬಿಲಗಳಿಂದ ಅನಿಲ ಹೆಚ್ಚು ಏಳುತ್ತದೆ, ನಾನು ತಪ್ಪಿಸಿದ್ದು ಅವನ್ನೇ. ಡೊಂಬಿವಲಿಯಲ್ಲಿ ಅಮ್ಮ ಆಗಲೇ ನೆಂಟರಿಗೆಲ್ಲ ಮಗಳು ಡಾಕ್ಟರಾದಳೆಂದು ಸಾರಿಬಿಟ್ಟಿದ್ದಳು.

ನನ್ನ ಮಾರ್ಗದರ್ಶಕರಾದ ಸರ್ ಕಾರಣ ಕೇಳಿದರು. ಕೆಸರು ಕದಡದಂತೆ ನಡೆಯಲು ಹಾಕಿದ ಹಲಗೆ ಬಿಟ್ಟು ನೀವು ಕೆಸರು ತುಳಿದಿರಿ, ಅದಕ್ಕೇ ಅನಿಲ ಹೆಚ್ಚು ಬಂತು ಎಂದು ಹಿಂದಿಯಲ್ಲಿ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ನೀವು ನನ್ನತ್ತ ತಿರುಗಿದಿರಿ.

“ನಾ ತುಳದಿಲ್ರಿ ಮೇಡಂ. ಬಳಿ ಎಲ್ಲಿ ಬಿತ್ತೋ ಅಲ್ಲೇ ಇಟ್ಟೀನ್ರಿ.”

ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಏನಂತಾನೆ ಎಂದು ಸರ್ ಕೇಳಿದರು.

“ಗಲ್ತಿ ಹೋ ಗಯಾ ಬೋಲ್ತಾ ಹೈ, ಸರ್.”

ತಪ್ಪಾಯಿತು ಅನ್ನುತ್ತಾನೆ — ಅಷ್ಟು ಹಿಂದಿ ನಿಮಗೂ ಅರ್ಥವಾಯಿತು. ನೀವು ಮತ್ತೊಮ್ಮೆ ಅಂದಿದ್ದರೆ... ಇಲ್ಲ, ಅಂದಿದ್ದರೂ ನಾನು ಬದಲಿಸಿಯೇ ಹೇಳುತ್ತಿದ್ದೆ. ಮರುವಾರ ನೀವು ಮತ್ತೆ ಮೂಟೆ ಹೊರಲು ಹೋದಿರಿ. ನನಗೆ ಪದವಿ ಬಂತು.

ಈ ವರ್ಷ ಅದೇ ಖಾಡಿಯಲ್ಲಿ ಮೊದಲ ಸಲ ನೋಡದೆ ಬಳೆ ಎಸೆದೆ. ಬಿಲಗಳ ಮೇಲೇ ಬಿತ್ತು. ನಿಮ್ಮ ಅಂಕಿಗಳೇ ಬಂದವು.

ಎಲ್ಲವನ್ನೂ ಸರ್‌ಗೆ ಬರೆದಿದ್ದೇನೆ, ನಿಮ್ಮ ಹೆಸರು ಹಾಕಿ. ಪದವಿ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಹೆದರಿಕೆಯಿದೆ. ಇದರಿಂದ ನಿಮ್ಮ ಬೆನ್ನು ನೆಟ್ಟಗಾಗುವುದಿಲ್ಲ ಎಂಬುದೂ ಗೊತ್ತಿದೆ. ಭಾನುವಾರ ಸರ್ ಜೊತೆ ಭಿವಂಡಿಗೆ ಬರುತ್ತೇನೆ. ಅಂದು ನೀವು ಹೇಳಿದ ಮಾತನ್ನು ನಿಮ್ಮೆದುರೇ, ಹೇಳಿದ ಹಾಗೆಯೇ, ಅವರಿಗೆ ಹಿಂದಿಯಲ್ಲಿ ಹೇಳುತ್ತೇನೆ.